ಶ್ರೀಮಠದ ದಫ್ತರದಲ್ಲಿ ತೇದಿಯಿಲ್ಲದ ಲೇಖಗಳ ಕಾಲನಿರ್ಣಯ



ಶ್ರೀಮಠದ ಈ ಮಹೋತ್ಸವದ ಸ್ಮಾರಕಗ್ರಂಥದಲ್ಲಿ ಗುರುಪರಂಪರೆಯ ಪಟ್ಟಿಯೊಂದನ್ನು ಮುದ್ರಿಸಬೇಕೆಂದು ಪೂಜ್ಯ ಶ್ರೀಗಳವರ ಅಪ್ಪಣೆಯಾಗಿ, ಅದನ್ನು ಸಿದ್ಧಪಡಿಸುವ ಸೇವೆಯು ಈ ಲೇಖಕನ ಪಾಲಿಗೆ ಬಂದಿತು. ಭಕ್ತಮಹಾಶಯರು ಆ ಪಟ್ಟಿಯನ್ನು ನೋಡಿದೊಡನೆಯೇ ಅದರಲ್ಲಿ ಎರಡು ಎಡೆಗಳು ಬರಿದಾಗಿರುವುದನ್ನು ಕಾಣುವರು. ಐದನೆಯ ಮತ್ತು ಏಳನೆಯ ಪೀಠಾಧಿಪತಿಗಳ ಲಿಂಗೈಕ್ಯದ ಮಾಸ, ಪಕ್ಷ, ತಿಥಿಗಳು ಅಲ್ಲಿ ಬರೆದಿವೆ, ವರ್ಷವು ಬರೆದಿಲ್ಲ. ಇಪ್ಪತ್ತೆಂಟು ವರ್ಷಗಳ ಹಿಂದೆ ಅಚ್ಚಾದ ಕಿರುಹೊತ್ತಗೆಯಲ್ಲಿಯೂ ಗದ್ದುಗೆಯ ಮುಂದಿನ ಅಮೃತಶಿಲೆಯ ಫಲಕದಲ್ಲಿಯೂ ಇದ್ದ ಅಂಕಗಳು ಈಗ ಎಲ್ಲಿ ಹೋದವೆಂದು ಹಲವರು ಕೇಳಿದ್ದಾರೆ. ಇದ್ದುದನ್ನು ಅಳಿಸಿ ಬರಿದುಮಾಡುವುದು ಉತ್ಸವಕಾಲಕ್ಕೆ ಶೋಭಿಸುವುದಿಲ್ಲವೆಂದು ಹಿರಿಯ ಭಕ್ತರೊಬ್ಬರು ನೊಂದುಕೊಂಡದ್ದೂ ಉಂಟು. ಅವರೆಲ್ಲರಿಗೆ ಉತ್ತರರೂಪವಾಗಿ ಈ ಲೇಖವನ್ನು ಬರೆಯಬೇಕಾಯಿತು.

ತಿಥಿಯು ಉಳಿದು ವರ್ಷವು ಅಳಿದುಹೋದುದು ನಮ್ಮ ಮಠವೊಂದರ ಕಥೆಯಲ್ಲ. ಪುಣ್ಯತಿಥಿಯ ಆಚರಣೆಗೆ ಮಾಸ, ಪಕ್ಷ, ತಿಥಿ ಈ ಮೂರು ಸಾಕು. ವರ್ಷಂಪ್ರತಿ ಅದೇ ದಿನ ಗದ್ದುಗೆಗೆ ಪೂಜೆ, ಜಂಗಮಾರಾಧನೆ, ದಾಸೋಹ ನಡೆಯುತ್ತಿರಲು ತಿಥಿಯನ್ನು ಮರೆಯುವುದಕ್ಕೆ ಆಸ್ಪದವೇ ಇಲ್ಲ. ವರ್ಷವಾದರೋ ಯಾವ ಪೂಜೆಗೂ ಬೇಕಾಗದ ವಸ್ತು. ಬಳಕೆಯಿಲ್ಲದ ಪಾತ್ರೆಯಂತೆ ಮೂಲೆ ಸೇರಿ ಕಡೆಗೆ ಕಾಣದಾಗುತ್ತದೆ. ಸ್ವತಃ ಬಸವಣ್ಣನವರ ವಿಷಯದಲ್ಲಿಯೂ ಹೀಗೆಯೇ ಆಗಿದೆ. ವೈಶಾಖ ಶುದ್ಧ ತೃತೀಯೆಯೆಂಬ ಜಯಂತಿಯ ತಿಥಿಯನ್ನು ನಾಡೆಲ್ಲ ಬಲ್ಲುದು. ದಾವಣಗೆರೆಯ ವಿರಕ್ತಮಠದಲ್ಲಿ 1913ರಲ್ಲಿ ಮೃತ್ಯುಂಜಯ ಸ್ವಾಮಿಗಳವರೂ ಹರ್ಡೇಕರ ಮಂಜಪ್ಪನವರೂ ಜಯಂತ್ಯುತ್ಸವವನ್ನು ಆರಂಭಿಸಿದಾಗ ದಿನದ ಬಗೆಗೆ ತೊಡಕು ಇರಲಿಲ್ಲ. ಜನ್ಮವರ್ಷವು ಮಾತ್ರ ಕ್ರಿ. ಶ. 1105 ಎಂದೂ 1131 ಎಂದೂ 1134 ಎಂದೂ ವಿದ್ವಾಂಸರಲ್ಲಿ ಇಂದಿಗೂ ಬೇರೆಬೇರೆಯಾಗಿ ನಡೆದಿದೆ. ಮಹಾಪುರುಷರ ಗತಿಯೇ ಹೀಗಿರಲು ನಮ್ಮ ಗ್ರಾಮಾಂತರದ ಮಠದ ಸ್ವಾಮಿಗಳ ವರ್ಷವು ಮರೆತುಹೋದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಬರೆದಿಟ್ಟವರು ಬರೆದ ಬಗೆ. ಹಿಂದಿನವರು ವರ್ಷವನ್ನು ಬರೆಯಲೇ ಇಲ್ಲವೆಂದು ತಿಳಿಯಲಾಗದು. ಓಲೆಯ ಕಟ್ಟುಗಳ ಕೊನೆಯಲ್ಲಿಯೂ ಕಾಗದಪತ್ರಗಳ ತಲೆಯಲ್ಲಿಯೂ ಸಂವತ್ಸರದ ಹೆಸರನ್ನು ಬರೆದೇ ಇರುತ್ತಾರೆ. ಶಕವರ್ಷದ ಅಂಕವನ್ನು ಬಿಟ್ಟಿರುತ್ತಾರೆ, ಅಷ್ಟೆ. ಬರೆದವನಿಗೂ ಓದುವವನಿಗೂ ಒಂದು ಆಯುಷ್ಯದೊಳಗೆ ಅರವತ್ತು ಹೆಸರುಗಳು ಸಾಕಾಗಿದ್ದುವು. ತನ್ನ ಮೊಮ್ಮಗನ ಮೊಮ್ಮಗನು ಆ ಕಾಗದವನ್ನು ಕೈಯಲ್ಲಿ ಹಿಡಿದು ಇದು ಯಾವ ‘ವಿಭವ’ವೆಂದು ತಲೆ ಕೆರೆದುಕೊಳ್ಳುವನೆಂಬ ಭಾವನೆಯು ಅವನಿಗೇಕೆ ಬರಬೇಕು?

ಸಂವತ್ಸರದಿಂದ ಶಕವನ್ನು ಕಾಣುವ ಲೆಕ್ಕವು ಸುಲಭವಾದುದು. ಗತಶಕವರ್ಷಕ್ಕೆ 12ನ್ನು ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವಾದಿ ಸಂವತ್ಸರದ ಸಂಖ್ಯೆ. ಶೇಷವು ಸೊನ್ನೆಯಾದರೆ ಅಕ್ಷಯ ಸಂವತ್ಸರ. ಉದಾಹರಣೆಗೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನವನ್ನು ತೆಗೆದುಕೊಳ್ಳೋಣ. ಬಸವಣ್ಣನವರನ್ನು ಹೆಸರಿಸುವ ಶಾಸನಗಳಲ್ಲಿ ಇದು ಬಹು ಮುಖ್ಯವಾದುದೆಂಬುದು ಎಲ್ಲರಿಗೂ ವಿದಿತವೇ ಸರಿ. ಸೇವುಣ ಅರಸನಾದ ಕನ್ನರನ ಕಾಲದ ಆ ಶಾಸನವು ಶಾ. ಶ. 1182ಕ್ಕೆ, ಎಂದರೆ ಕ್ರಿ. ಶ. 1260ಕ್ಕೆ ಸೇರಿದುದು. 1182ಕ್ಕೆ 12 ಕೂಡಿಸಿದರೆ 1194. ಅದರಲ್ಲಿ ಹತ್ತೊಂಬತ್ತು ಅರವತ್ತುಗಳನ್ನು ಕಳೆದರೆ ಉಳಿಯುವುದು 54. ಐವತ್ತನಾಲ್ಕನೆಯದು ರೌದ್ರಿ. ಶಕದಿಂದ ಸಂವತ್ಸರಕ್ಕೆ ಹೋಗುವ ದಾರಿಯು ಹೀಗೆ ಒಂದೇ. ಸಂವತ್ಸರದಿಂದ ಶಕಕ್ಕೆ ಮರಳುವಾಗ ಮಾತ್ರ ಅರವತ್ತು ವರ್ಷಕ್ಕೊಂದರಂತೆ ಕವಲುಗಳು ಎದುರಾಗುತ್ತವೆ. ಬರಿಯ ‘ರೌದ್ರಿ’ ಎಂದು ಬರೆದಿದ್ದರೆ ಅದು 1200, 1260, 1320 ಈ ಮೂರರಲ್ಲಿ ಯಾವುದೂ ಆಗಬಹುದಾಗಿತ್ತು.

ಈ ಲೆಕ್ಕದಲ್ಲಿಯೂ ಎಚ್ಚರಿಕೆ ಬೇಕು. ಉತ್ತರದೇಶದವರು ಗುರುಗ್ರಹದ ನಡಿಗೆಯನ್ನನುಸರಿಸಿ ಸುಮಾರು 85 ವರ್ಷಗಳಿಗೊಮ್ಮೆ ಒಂದು ಸಂವತ್ಸರವನ್ನು ಬಿಟ್ಟುಬಿಡುತ್ತಾರೆ, ನಾವು ಬಿಡುವುದಿಲ್ಲ. ಆದಕಾರಣ ಕಾಶಿಯಿಂದ ಬಂದ ಪತ್ರದ ಸಂವತ್ಸರವನ್ನು ನಮ್ಮ ಪಂಚಾಂಗದಿಂದ ಅಳೆಯಲಾಗದು. ಗತವರ್ಷವೋ ವರ್ತಮಾನವರ್ಷವೋ ಎಂಬುದರಿಂದ ಒಂದು ವರ್ಷದ ಹೆಚ್ಚುಕಡಮೆಯುಂಟಾಗುತ್ತದೆ. ಶಕಕ್ಕೆ 78 ಕೂಡಿಸಿದರೆ ಇಸವಿಯೆಂದು ಬಾಯಿಪಾಠ ಮಾಡಿದವರು ಪುಷ್ಯದ ಕೊನೆಯಲ್ಲಿಯೂ ಮಾಘ ಫಾಲ್ಗುನಗಳಲ್ಲಿಯೂ ಜನವರಿಯು ಕಳೆದು ಇಸವಿಯು ಬದಲಾಗಿರುವುದನ್ನು ಮರೆಯುತ್ತಾರೆ. ಅಲ್ಲಿ 79 ಕೂಡಿಸಬೇಕು. ಶಾ. ಶ. 1790ರ ಶಿವರಾತ್ರಿಯು 1869ರಲ್ಲಿ ಬಂದಿತೇ ಹೊರತು 1868ರಲ್ಲಿ ಅಲ್ಲ. ಅಚ್ಚಾದ ಮಠಚರಿತ್ರೆಗಳಲ್ಲಿ ಶಿವರಾತ್ರಿಯ ಪಟ್ಟಾಭಿಷೇಕಗಳೆಷ್ಟೋ ಈ ಒಂದು ಕೂಡಿಕೆಯ ತಪ್ಪಿನಿಂದ ವರ್ಷ ಮುಂಚಿತವಾಗಿ ನಡೆದುಹೋಗಿವೆ.

ಅದೃಷ್ಟವಿದ್ದಲ್ಲಿ ಒಂದೇ ಲೇಖದಲ್ಲಿ ಎರಡು ಸಾಕ್ಷಿಗಳು ದೊರೆಯುತ್ತವೆ. ಆರನೆಯ ವಿಕ್ರಮಾದಿತ್ಯನು ಶಕವನ್ನು ಬಿಟ್ಟು 1076ರಿಂದ ತನ್ನದೇ ಚಾಳುಕ್ಯವಿಕ್ರಮವರ್ಷವನ್ನು ನಡೆಸಿದನು. ಅದರ ಮೊದಲನೆಯ ವರ್ಷವು ನಳ ಸಂವತ್ಸರ. ಆ ಕಾಲದ ಶಾಸನಗಳಲ್ಲಿ ವರ್ಷದ ಅಂಕದ ಪಕ್ಕದಲ್ಲಿಯೇ ಸಂವತ್ಸರದ ಹೆಸರೂ ಇರುವುದು ವಾಡಿಕೆ. ಕಲ್ಲು ಒಡೆದು ಅಂಕವು ಹೋಗಿ ‘ಮನ್ಮಥ’ವೆಂಬುದು ಮಾತ್ರ ಉಳಿದಿದ್ದರೂ, ಲೇಖವು ವಿಕ್ರಮಾದಿತ್ಯನದೆಂದು ತಿಳಿದರೆ ಅದು 40ನೆಯ ವರ್ಷ, ಎಂದರೆ 1115–16 ಎಂದು ನಿಸ್ಸಂದೇಹವಾಗಿ ತುಂಬಬಹುದು. ಅವನು ಐವತ್ತು ವರ್ಷ ಆಳಿದವನಾದುದರಿಂದ ಎರಡನೆಯ ಮನ್ಮಥವು ಅವನಿಗೆ ಬರಲಿಲ್ಲ. ಇಂಥ ತುಂಬುವಿಕೆಯು ಊಹೆಯಲ್ಲ. ಮುರಿದ ಕೊಡದ ಚೂರುಗಳಲ್ಲಿ ಒಂದರ ಅಂಚು ಇನ್ನೊಂದರ ಅಂಚಿಗೆ ಕೂಡುವಂತೆ ಕೂಡುತ್ತದೆ.

ನಮ್ಮ ದಫ್ತರದಲ್ಲಿ ಶಕ ಸಂವತ್ಸರಗಳಲ್ಲದೆ ಬೇರೆ ಎಣಿಕೆಗಳೂ ಇವೆ. ಪೇಶವೆಯರ ಕಾಲದ ಮೋಡಿ ಬರಹದ ಸನದುಗಳಲ್ಲಿ ಶುಹೂರ ಸನ್ನನ್ನು ಅಂಕಗಳಲ್ಲಿ ಬರೆಯದೆ ಅರಬ್ಬೀ ಸಂಖ್ಯಾವಾಚಕಗಳಿಂದ ಬರೆಯುತ್ತಿದ್ದರು. ‘ಇಸನ್ನೆ ತಿಸೈನ ಮಯಾ ವ ಅಲಫ’ ಎಂದರೆ ಎರಡು, ತೊಂಬತ್ತು, ನೂರು, ಸಾವಿರ, ಕೂಡಿ 1192. ಇದಕ್ಕೆ 599 ಸೇರಿಸಿದರೆ 1791ರ ಮೃಗಶಿರೆಯಿಂದ ಆರಂಭವಾಗುವ ವರ್ಷ. ಪಾಠಶಾಲೆಯಲ್ಲಿ ಅಮರಕೋಶ, ಲಘುಕೌಮುದಿಗಳನ್ನು ಬಾಯಿಪಾಠ ಮಾಡಿದ ನನಗೆ ಈ ಶಬ್ದಗಳು ಮಂತ್ರದಂತೆ ಕೇಳಿಸಿದ್ದುವು. ಮೋಡಿ ಬಲ್ಲ ವೃದ್ಧ ಕುಲಕರ್ಣಿಯವರೊಬ್ಬರು ಕಲಿಸಿದ ಮೇಲೆಯೇ ಅವು ಬರಿಯ ಲೆಕ್ಕವೆಂದು ತಿಳಿಯಿತು. ಮೊಗಲಾಯಿ ಕಡೆಯ ಭಕ್ತರ ದಾನಪತ್ರಗಳಲ್ಲಿ ಫಸಲಿ ಸನ್ನು ಇದೆ. ಹೈದರಾಬಾದಿನ ಫಸಲಿಗೆ 590 ಕೂಡಿಸಿದರೆ ಆ ವರ್ಷವು ಆರಂಭವಾದ ಇಸವಿಯು ದೊರೆಯುತ್ತದೆ. ಇಷ್ಟು ಬಗೆಯ ಎಣಿಕೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸುಲಭದ ಕೆಲಸವಲ್ಲ.

ಆ ಕೆಲಸಕ್ಕೆ ಕೈಹಾಕಿದವರು ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿ ಈಗ ಉದ್ಯೋಗದಲ್ಲಿರುವ ನಾಲ್ಕಾರು ತರುಣರು. ಮಹೋತ್ಸವದ ನಿಮಿತ್ತವಾಗಿ ದಫ್ತರದ ಯಾವತ್ತೂ ಕಾಗದಗಳನ್ನು ಗಣಕಯಂತ್ರದ ಕೋಷ್ಟಕಕ್ಕೆ ಏರಿಸುವೆವೆಂದು ಮುಂದೆ ಬಂದರು. ರವಿವಾರಕ್ಕೊಮ್ಮೆ ಬಂದು, ನಾನು ಓದಿ ಹೇಳಿದುದನ್ನು ಒಂದೊಂದು ಮನೆಯಲ್ಲಿ ಒಂದೊಂದಾಗಿ ತುಂಬುತ್ತ ಹೋದರು. ಅವರ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಆ ಕೋಷ್ಟಕದಿಂದಲೇ ನನ್ನ ಹಳೆಯ ತಪ್ಪೊಂದು ಹೊರಬಿದ್ದಿತು. ಅದು ಹೇಗೆಂದರೆ:

ಮೊದಲು ರೋಜಕಿರ್ದಿಗಳನ್ನು ತೆಗೆದುಕೊಂಡೆವು. ಕಿರ್ದಿ ಬರೆಯುವವನು ದಿನದ ಮಿತಿಯನ್ನು ತಲೆಯಲ್ಲಿ ಒಮ್ಮೆ ಬರೆದು, ಅದರ ಕೆಳಗೆ ಆ ದಿನದ ಜಮಾ ಖರ್ಚುಗಳನ್ನೆಲ್ಲ ಸಾಲಾಗಿ ಬರೆಯುತ್ತಾನೆ. ಪ್ರತಿಯೊಂದು ಸಾಲಿಗೂ ಮಿತಿಯನ್ನು ಮತ್ತೆ ಬರೆಯುವುದಿಲ್ಲ. ಇದನ್ನು ಹಾಗೆಯೇ ಕೋಷ್ಟಕಕ್ಕೆ ಏರಿಸಲು ತೇದಿಯ ಕಾಲಮಿನಲ್ಲಿ ಒಂದು ಮನೆ ತುಂಬಿ ಹತ್ತು ಮನೆ ಬರಿದಾಗಿ ನಿಂತವು. ನೋಡುವ ಕಣ್ಣಿಗೆ ಇದರಿಂದ ಬಾಧೆಯಿಲ್ಲ. ಆದರೆ ತರುಣರಲ್ಲೊಬ್ಬನು ಎಣ್ಣೆಯ ಖರ್ಚುಗಳನ್ನೆಲ್ಲ ಒಟ್ಟಿಗೆ ನೋಡಬೇಕೆಂದು ಸಾಲುಗಳನ್ನು ಬಾಬುಗಳ ಅನುಕ್ರಮಕ್ಕೆ ತಿರುಗಿಸಿದನು. ಒಂದು ನಿಮಿಷದಲ್ಲಿ ಸಾಲುಗಳೆಲ್ಲ ತಮ್ಮ ತಲೆಯ ಮಿತಿಯನ್ನು ಕಳೆದುಕೊಂಡು ಅನಾಥವಾದುವು. ಎಣ್ಣೆಯೇನೋ ಒಂದೆಡೆಗೆ ಬಂದಿತು. ಅದು ಯಾವ ದಿನದ ಎಣ್ಣೆಯೆಂದು ಹೇಳುವವರಿಲ್ಲ. ಪುಣ್ಯಕ್ಕೆ ಹಿಂದಿನ ಪ್ರತಿಯನ್ನು ಉಳಿಸಿದ್ದರು. ಅದನ್ನು ತೆರೆದು, ಬರಿದಾದ ಮನೆಗಳನ್ನೆಲ್ಲ ಒಮ್ಮೆಗೇ ಆರಿಸಿ, ಪ್ರತಿಯೊಂದಕ್ಕೂ ‘ಮೇಲಿನ ಮನೆಯಂತೆ’ ಎಂಬ ಸೂತ್ರವನ್ನು ಕೊಟ್ಟು, ಬಳಿಕ ಸೂತ್ರವನ್ನು ತೆಗೆದು ಬೆಲೆಯನ್ನು ಮಾತ್ರ ನಿಲ್ಲಿಸಿದರು. ಸಾವಿರಾರು ಮನೆಗಳು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿದುವು, ಮತ್ತು ಸರಿಯಾಗಿಯೇ ತುಂಬಿದುವು. ಏಕೆಂದರೆ ಅಲ್ಲಿಯ ಬರಿದು ಅಜ್ಞಾನದ ಬರಿದಲ್ಲ. ‘ಸದರಿ’ ಎಂದು ಬರೆಯುವುದರ ಬದಲು ಬಿಟ್ಟ ಬರಿದು. ಬರೆದವನಿಗೆ ಆ ದಿನವು ಗೊತ್ತಿತ್ತು, ನಮಗೂ ಗೊತ್ತು.

ಈ ಗೆಲುವಿನ ಉತ್ಸಾಹದಲ್ಲಿ ಅದೇ ಸೂತ್ರವನ್ನು ದಾನಪತ್ರಗಳ ಪಟ್ಟಿಗೂ ಹಾಕಿಬಿಟ್ಟರು. ಅಲ್ಲಿ ಆದುದೇ ಬೇರೆ. ಕಟ್ಟಿನಲ್ಲಿ ಒಂದರ ಕೆಳಗೊಂದು ಇದ್ದುವೆಂಬುದನ್ನು ಬಿಟ್ಟರೆ ಆ ಪತ್ರಗಳಿಗೆ ಪರಸ್ಪರ ಸಂಬಂಧವಿಲ್ಲ. ಒಂದರ ಊರು ಒಂದು ಕಡೆ, ದಾನಿಯು ಒಂದು ಕಡೆ. ಮೇಲಿನ ಪತ್ರದ ತೇದಿಯನ್ನು ಕೆಳಗಿನದು ಹೊತ್ತುಕೊಂಡಿತು. ತಂದೆಯು ಕೊಟ್ಟ ಹೊಲವನ್ನು ಅವನ ಮೊಮ್ಮಗನು ಅದೇ ದಿನ ಮತ್ತೆ ಕೊಟ್ಟಂತಾಯಿತು. ಇನ್ನೊಂದು ಹಾಳೆಯಲ್ಲಿ ಬರಿದಾದ ಮನೆಗಳನ್ನು ಬೇರೊಂದು ಕೋಷ್ಟಕವು ಎತ್ತಿಕೊಂಡಾಗ ಅವೆಲ್ಲವೂ ‘1900ರ ಜನವರಿ 0’ ಎಂದು ತೋರಿದುವು. ವಿಚಾರಿಸಲಾಗಿ, ಎಕ್ಸೆಲ್ ಎಂಬ ಆ ಕೋಷ್ಟಕವು ದಿನಗಳನ್ನು 1900ರ ಜನವರಿ 1ರಿಂದ ಒಂದು, ಎರಡು ಎಂದು ಎಣಿಸುವುದೆಂದೂ, ಬರಿದಾದುದು ಅದಕ್ಕೆ ಸೊನ್ನೆಯೆಂದೂ, ಸೊನ್ನೆಯನ್ನು ತೇದಿಯಾಗಿ ತೋರಿಸೆಂದರೆ ಹೀಗೆ ತೋರಿಸುವುದೆಂದೂ ತಿಳಿಯಿತು. 1900ಕ್ಕಿಂತ ಹಿಂದಿನ ದಿನಗಳನ್ನು ಅದು ತೇದಿಯೆಂದೇ ಒಪ್ಪದು. ಬರಿಯ ಅಕ್ಷರಗಳಂತೆ ಇಟ್ಟುಕೊಳ್ಳುತ್ತದೆ. ಅಷ್ಟೇ ಅಲ್ಲ, 1900ರಲ್ಲಿ ಫೆಬ್ರುವರಿ 29 ಉಂಟೆಂದು ಅದರ ಮತ. ಆ ವರ್ಷಕ್ಕೆ ಅಧಿಕದಿನವಿರಲಿಲ್ಲ. ಲೋಟಸ್ ಎಂಬ ಹಿಂದಿನ ಕೋಷ್ಟಕದಲ್ಲಿದ್ದ ತಪ್ಪನ್ನು, ಅದರೊಡನೆ ಹೊಂದಿಕೆ ಕೆಡದಿರಲೆಂದು, ತಿಳಿದೂ ತಿಳಿದೂ ಉಳಿಸಿಕೊಂಡು ಬಂದಿದ್ದಾರಂತೆ. ನಮ್ಮ ಪಂಚಾಂಗಕರ್ತರ ಜಗಳಗಳನ್ನು ಕಂಡು ನಗುವವರು ಇದನ್ನೂ ಒಮ್ಮೆ ನೋಡಲಿ.

ನಾನು ಈ ‘ಸೊನ್ನೆಯ ತಾರೀಖ’ನ್ನು ಕಂಡು ಮನಸಾರೆ ನಕ್ಕೆನು. ಅರಿಯದ್ದನ್ನು ಅರಿತಂತೆ ತುಂಬುವುದು ಯಂತ್ರದ ಹುಚ್ಚೆಂದು ನಾಲ್ಕು ಮಾತು ಉಪದೇಶವನ್ನೂ ಮಾಡಿದೆನು. ಆಗ ಅವರಲ್ಲಿ ಕಿರಿಯನಾದವನು, ಗದ್ದುಗೆಯ ಫಲಕದ ಪಟ್ಟಿಯನ್ನು ಏರಿಸುತ್ತಿದ್ದವನು, ತಲೆಯೆತ್ತಿ, “ಶಾಸ್ತ್ರಿಗಳ, ಇಲ್ಲಿ 1720, 1745, 1770, 1795, 1820 ಅಂತ ಸರಿಯಾಗಿ ಇಪ್ಪತ್ತೈದೇ ವರ್ಷದ ಅಂತರ ಬಂದಾವಲ್ಲರಿ, ಇದನ್ನ ಯಾವ ಯಂತ್ರ ತುಂಬಿತ್ರಿ?” ಎಂದು ಕೇಳಿದನು. ಅವನ ಮನಸ್ಸಿನಲ್ಲಿ ಕುಹಕವಿರಲಿಲ್ಲ. ನನಗೆ ಮಾತು ಹೊರಡಲಿಲ್ಲ.

ಏಕೆಂದರೆ ಅದನ್ನು ತುಂಬಿದ ಯಂತ್ರವು ನಾನೇ. ಇಪ್ಪತ್ತೆಂಟು ವರ್ಷಗಳ ಹಿಂದೆ ಫಲಕವನ್ನು ನಿಲ್ಲಿಸಬೇಕೆಂದಾಗ ಪಟ್ಟಿ ಮಾಡುವ ಕೆಲಸವು ಆಗತಾನೆ ಪಾಠಶಾಲೆಯಿಂದ ಹೊರಬಂದಿದ್ದ ನನಗೆ ದೊರೆತಿತ್ತು. ನಾಲ್ಕನೆಯ ಪೀಠಾಧಿಪತಿಗಳು ಶಾ. ಶ. 1720ರಲ್ಲಿ, ಕಾಳಯುಕ್ತಿ ಸಂವತ್ಸರದಲ್ಲಿ ಲಿಂಗೈಕ್ಯರಾದುದಕ್ಕೆ ಅವರ ಗದ್ದುಗೆಯ ಕಲ್ಲಿನಲ್ಲಿಯೇ ಬರಹವಿದೆ. ಎಂಟನೆಯವರು 1820ರಲ್ಲಿ, ವಿಳಂಬಿಯಲ್ಲಿ ಲಿಂಗೈಕ್ಯರಾದುದಕ್ಕೂ ಕಾಗದದ ಆಧಾರವಿದೆ. ನಡುವಿನ ಮೂವರಿಗೆ ತಿಥಿಯುಂಟು, ವರ್ಷವಿಲ್ಲ. ಫಲಕದ ದಿನವು ಹತ್ತಿರವಾಗಿತ್ತು. ನೂರು ವರ್ಷಗಳನ್ನು ನಾಲ್ಕು ಭಾಗ ಮಾಡಿ, ಐದನೆಯವರಿಗೆ 1745, ಆರನೆಯವರಿಗೆ 1770, ಏಳನೆಯವರಿಗೆ 1795 ಎಂದು ಬರೆದು, ಮೂರಕ್ಕೂ ಮುಂದೆ ‘ಸುಮಾರು’ ಎಂದು ಸೇರಿಸಿ ಕೊಟ್ಟೆನು. ಕಲ್ಲುಕುಟಿಗನು ಎಡೆ ಸಾಲದೆ ‘ಸುಮಾರು’ಗಳನ್ನು ಬಿಟ್ಟನು. ಅನಾವರಣದ ದಿನ ನಾನು ಅದನ್ನು ಕಂಡೆನು; ಕಂಡೂ ಸುಮ್ಮನಾದೆನು. ಹೂಮಾಲೆಗಳ ನಡುವೆ ಆ ಮಾತನ್ನು ಎತ್ತುವ ಧೈರ್ಯವು ಇರಲಿಲ್ಲವೆಂದು ಹೇಳಬಹುದು. ಅಷ್ಟರಲ್ಲಿ ನನಗೂ ಆ ಅಂಕಗಳು ನಿಜವೆಂದು ತೋರತೊಡಗಿದ್ದುವೆಂದರೆ ಇನ್ನೂ ಸತ್ಯಕ್ಕೆ ಹತ್ತಿರವಾದೀತು. ಫಲಕದಿಂದ ಕಿರುಹೊತ್ತಗೆಗೆ, ಹೊತ್ತಗೆಯಿಂದ ಮಠದ ದಿನದರ್ಶಿಕೆಗೆ, ಅಲ್ಲಿಂದ ಸ್ಮರಣೋತ್ಸವದ ಆಮಂತ್ರಣಪತ್ರಿಕೆಗಳಿಗೆ ಅವು ನಡೆದವು. ‘ಇಂತಿಷ್ಟನೆಯ ಪುಣ್ಯಸ್ಮರಣೋತ್ಸವ’ವೆಂದು ಮುದ್ರಿಸಿ ಭಕ್ತರು ಹಂಚಿದರು. ಒಂದು ಸಲ ಪ್ರವಚನದಲ್ಲಿ ನಾನೇ ಕಿರುಹೊತ್ತಗೆಯನ್ನು ಆಧಾರವೆಂದು ಹೇಳಿದ ನೆನಪಿದೆ.

‘ಸುಮಾರು’ ಎಂಬ ಪದದ ಆಯುಷ್ಯವು ಕಡಮೆ. 12ನೆಯ ಶತಮಾನದ ವಚನಕಾರರಲ್ಲಿ ಅನೇಕರ ಹೆಸರಿನ ಮುಂದೆ ನಮ್ಮ ಪುಸ್ತಕಗಳಲ್ಲಿ ‘ಸು. 1160’ ಎಂಬ ಒಂದೇ ಕಾಲವು ಕಾಣುವುದಷ್ಟೆ. ರಾ. ನರಸಿಂಹಾಚಾರ್ಯರು 1907ರಲ್ಲಿ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟವನ್ನು ಹೊರಡಿಸಿದಾಗ, ಕಾಲವನ್ನು ಹೇಳದ ಕವಿಗಳನ್ನು ಯಾರು ಯಾರನ್ನು ಸ್ಮರಿಸಿದ್ದಾರೆ, ಅವರನ್ನು ಯಾರು ಸ್ಮರಿಸಿದ್ದಾರೆ ಎಂಬ ಎರಡು ಗಡಿಗಳ ನಡುವೆ ನಿಲ್ಲಿಸಿದರು. ಅದು ಪ್ರಾಮಾಣಿಕವಾದ ಕ್ರಮ. ‘ಸು.’ ಎಂಬ ಒಂದಕ್ಷರದಲ್ಲಿ ಆ ಪ್ರಾಮಾಣಿಕತೆಯೆಲ್ಲ ಅಡಗಿತ್ತು. ಓದುಗರು ಅದನ್ನು ದಾಟಿ ಅಂಕಕ್ಕೆ ಹೋದರು. ಬಿಜ್ಜಳನ ಸಮಕಾಲೀನರೆಂಬುದಕ್ಕೆ ಸಂಕೇತವಾಗಿ ನಿಂತ ಅಂಕವು ಕೆಲವರ ಕೈಯಲ್ಲಿ ಜನ್ಮವರ್ಷವೇ ಆಗಿಹೋಯಿತು. ಭೀಮಕವಿಯ ಬಸವಪುರಾಣದಂತೆ 1369 ಎಂದು ಕಾಲವು ನಿಶ್ಚಿತವಾಗಿ ತಿಳಿದ ಗ್ರಂಥದ ಪಕ್ಕದಲ್ಲಿ ‘ಸು. 1160’ ಎಂಬುದೂ ಅಷ್ಟೇ ನಿಶ್ಚಿತವಾದಂತೆ ಕಣ್ಣಿಗೆ ಕಾಣುತ್ತದೆ. ಅಚ್ಚಿನ ಮೊಳೆಗಳಿಗೆ ಭೇದವಿಲ್ಲ.

ಆ ಬಾಲಕನ ಪ್ರಶ್ನೆಯ ತರುವಾಯ ನಾವೆಲ್ಲರೂ ಕೂಡಿ ದಫ್ತರವನ್ನು ಮತ್ತೊಮ್ಮೆ ಶೋಧಿಸಿದೆವು. ಮೊದಲ ಹಾಳೆಗಳು ಗೆದ್ದಲು ತಿಂದುಹೋದುದರಿಂದ ವರ್ಷ ತಿಳಿಯದೆಂದು ನಾನೇ ಹಿಂದೆ ಪಕ್ಕಕ್ಕಿಟ್ಟಿದ್ದ ಕಿರ್ದಿಯೊಂದಿತ್ತು. ಅದರ ನಡುವೆ ‘ವಿಭವ ಸಂವತ್ಸರದ ಶ್ರಾವಣ ಬಹುಳ ಅಮಾವಾಸ್ಯೆ ಮಂಗಳವಾರ’ ಎಂಬ ತಲೆಬರಹದ ಕೆಳಗೆ, ಸೂರ್ಯಗ್ರಹಣದ ನಿಮಿತ್ತ ದಾನಧರ್ಮದ ಖರ್ಚೂ, ಹಗಲಿನಲ್ಲಿ ಕತ್ತಲೆ ಕವಿದು ನಕ್ಷತ್ರಗಳು ಕಂಡುವೆಂಬ ಒಂದು ಸಾಲೂ ಇದೆ. ಮುಂದೆ ಎರಡು ಹಾಳೆಗಳಾದ ಮೇಲೆ, ಭಾದ್ರಪದ ಶುದ್ಧ ಅಷ್ಟಮಿಯ ದಿನ, ಆರನೆಯ ಪೀಠಾಧಿಪತಿಗಳು ಲಿಂಗೈಕ್ಯರಾದುದೂ ಕ್ರಿಯಾವಿಧಿಗಳ ಖರ್ಚೂ ಬರೆದಿವೆ. ಶ್ರೀಮಠದಲ್ಲಿ ಅವರ ಪುಣ್ಯತಿಥಿಯು ಇಂದಿಗೂ ಭಾದ್ರಪದ ಶುದ್ಧ ಅಷ್ಟಮಿಯಂದೇ ನಡೆಯುತ್ತಿದೆ.

ಕಾಗದವೂ ಅಕ್ಷರವೂ ಹತ್ತೊಂಬತ್ತನೆಯ ಶತಮಾನಕ್ಕೆ ಮೇಲ್ಪಟ್ಟವಲ್ಲ. ಆ ಗಡಿಯಲ್ಲಿ ವಿಭವವು 1808, 1868, 1928 ಈ ಮೂರರಲ್ಲಿ ಬರುತ್ತದೆ. ತಿಥಿ ವಾರಗಳ ಹೊಂದಿಕೆಯು ಒಳ್ಳೆಯ ಒರೆಗಲ್ಲು. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಹೊರಡಿಸಿದ ದೊಡ್ಡ ಪಂಚಾಂಗಸಂಪುಟಗಳು ಈ ಪರೀಕ್ಷೆಗಾಗಿಯೇ ಹುಟ್ಟಿದವು; ಶಾಸನಪಂಡಿತರು ಇಂದಿಗೂ ಅವನ್ನು ಬಿಟ್ಟಿಲ್ಲ. ಆದರೂ ವಾರಗಳು ಏಳೇ ಆದುದರಿಂದ ಏಳು ತಪ್ಪು ವರ್ಷಗಳಲ್ಲಿ ಒಂದು ಆಕಸ್ಮಿಕವಾಗಿ ಹೊಂದಿಕೊಳ್ಳುವ ಅಪಾಯವಿದೆ. ಗ್ರಹಣಕ್ಕೆ ಈ ಸಂಶಯವಿಲ್ಲ. ರಾಹುವು ರಾಶಿಚಕ್ರವನ್ನು ಸುತ್ತುವುದಕ್ಕೆ ಹದಿನೆಂಟು ವರ್ಷ ಆರು ತಿಂಗಳಿಗಿಂತ ಸ್ವಲ್ಪ ಹೆಚ್ಚು ಬೇಕು. ಮೂರು ಸುತ್ತು ಮುಗಿಯುವಾಗ ಸುಮಾರು ಐವತ್ತಾರು ವರ್ಷ. ಅರವತ್ತನೆಯ ವರ್ಷದಲ್ಲಿ ಅದೇ ಸಂವತ್ಸರವು ಮರಳಿ ಬರುವಾಗ ರಾಹುವು ಹಿಂದಿನ ಸ್ಥಾನದಿಂದ ಸುಮಾರು ಎಂಬತ್ತು ಭಾಗೆಗಳಷ್ಟು ಸರಿದಿರುತ್ತಾನೆ. ಆದುದರಿಂದ ಅದೇ ಮಾಸದ ಅಮಾವಾಸ್ಯೆಯಲ್ಲಿ ಗ್ರಹಣವು ಮರಳಿ ಬಾರದು. 1808ರ ಶ್ರಾವಣ ಅಮಾವಾಸ್ಯೆಯಲ್ಲಿಯೂ 1928ರ ಶ್ರಾವಣ ಅಮಾವಾಸ್ಯೆಯಲ್ಲಿಯೂ ಗ್ರಹಣವಿಲ್ಲ. 1868ರ ಆಗಸ್ಟ್ 18, ಮಂಗಳವಾರ, ಖಗ್ರಾಸ ಸೂರ್ಯಗ್ರಹಣವು ವಿಜಾಪುರದ ಮೇಲಿಂದ ಗುಂಟೂರಿನತ್ತ ಹಾದುಹೋಯಿತು. ಅದನ್ನು ನೋಡುವುದಕ್ಕಾಗಿ ಜಾನ್ಸೆನ್ ಎಂಬ ಫ್ರೆಂಚ್ ಪಂಡಿತನು ಗುಂಟೂರಿಗೆ ಬಂದಿದ್ದನು. ವಿಜಾಪುರದಲ್ಲಿಯೂ ಸರಕಾರದ ಕಡೆಯವರು ದುರ್ಬೀನುಗಳನ್ನು ಹೂಡಿ ಕಾದಿದ್ದರು. ಅವರು ಯಂತ್ರಗಳಿಂದ ನೋಡಿದುದನ್ನು ನಮ್ಮ ಮಠದ ಗುಮಾಸ್ತನು ಅಂಗಳದಲ್ಲಿ ನಿಂತು ನೋಡಿ, ಎಣ್ಣೆ ಬತ್ತಿಗಳ ಖರ್ಚಿನ ನಡುವೆ ಒಂದು ಸಾಲಿನಲ್ಲಿ ಬರೆದಿಟ್ಟನು.

ಹೀಗೆ ಆರನೆಯವರ ಲಿಂಗೈಕ್ಯವು ಶಾ. ಶ. 1790 ಎಂದು ಸಿದ್ಧವಾಯಿತು. ನಾನು ಕೊಟ್ಟ ವರ್ಷವು 1770. ಒಬ್ಬ ಗುರುವಿನ ಆಯುಷ್ಯದಿಂದ ಇಪ್ಪತ್ತು ವರ್ಷಗಳನ್ನು ನಾನು ಒಂದು ಭಾಗಾಕಾರದಿಂದ ಕಡಿದುಹಾಕಿದ್ದೆನು. ಆ ಇಪ್ಪತ್ತು ವರ್ಷಗಳಲ್ಲಿ ಕಟ್ಟಿದ ಕಲ್ಯಾಣಿಯೂ ನೆಟ್ಟ ಮಾವಿನ ತೋಪೂ ಕಿರುಹೊತ್ತಗೆಯಲ್ಲಿ ಏಳನೆಯವರ ಕೀರ್ತಿಗೆ ಸಂದುಹೋಗಿವೆ.

ಇನ್ನೊಂದು ಮಾತು ಇದಕ್ಕಿಂತ ಭಾರವಾದುದು. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ (1876–78) ಈ ಪ್ರಾಂತದ ಊರುಗಳು ಬರಿದಾದಾಗ ಶ್ರೀಮಠದ ಕಣಜಗಳನ್ನು ತೆರೆದು ಗಂಜಿಯನ್ನು ಹಂಚಿದ ಸಂಗತಿಯನ್ನು ಮುದುಕರು ಇಂದಿಗೂ ಹೇಳುತ್ತಾರೆ. ಆ ಕಾಲದ ಕಿರ್ದಿಯಲ್ಲಿ ‘ಶ್ರೀಗಳವರ ಅಪ್ಪಣೆಯ ಮೇರೆಗೆ’ ಎಂದಿದೆಯೇ ಹೊರತು ಹೆಸರಿಲ್ಲ. ಏಳನೆಯವರು 1795ರಲ್ಲಿ, ಎಂದರೆ 1873ರಲ್ಲಿ ಲಿಂಗೈಕ್ಯರಾದರೆಂಬ ನನ್ನ ಲೆಕ್ಕದ ಪ್ರಕಾರ ಆ ಪುಣ್ಯವು ಎಂಟನೆಯವರದಾಗಬೇಕಾಯಿತು, ಹಾಗೆಯೇ ಬರೆದೆನು, ಅವರ ಭಾವಚಿತ್ರದ ಕೆಳಗೆ ‘ಕ್ಷಾಮದಲ್ಲಿ ಅನ್ನವಿತ್ತವರು’ ಎಂಬ ಮಾತೂ ಬಂದಿತು. ಏಳನೆಯವರು 1868ರಲ್ಲಿ ಪೀಠಕ್ಕೆ ಬಂದವರೆಂದು ಈಗ ತಿಳಿದಿರಲು, ಎಂಟು ಹತ್ತು ವರ್ಷಗಳಲ್ಲಿ ಬಂದ ಬರದ ಕಾಲಕ್ಕೆ ಅವರೇ ಇದ್ದಿರಬಹುದು. ಇದ್ದರೆಂದು ಹೇಳುವುದಕ್ಕೂ ಆಧಾರವಿಲ್ಲ. ಕಣಜದ ಬಾಗಿಲನ್ನು ತೆರೆಯಿಸಿದ ಕೈ ಯಾರದೆಂಬುದು ಏಳನೆಯವರ ಲಿಂಗೈಕ್ಯದ ವರ್ಷದ ಮೇಲೆ ನಿಂತಿದೆ, ಆ ವರ್ಷವು ನಮಗೆ ದೊರೆತಿಲ್ಲ. ಒಬ್ಬರಿಂದ ಕಸಿದು ಮತ್ತೊಬ್ಬರಿಗೆ ಕೊಟ್ಟೆನೋ ಎಂಬ ಅಳುಕು ನನ್ನನ್ನು ಬಿಟ್ಟಿಲ್ಲ. ಸ್ವಾಮಿಗಳವರಿಗೆ ಅಂಥ ಕೀರ್ತಿಯ ಹಂಗಿಲ್ಲವೆಂದು ಮಿತ್ರರು ಸಮಾಧಾನ ಹೇಳುತ್ತಾರೆ. ಅದು ಸ್ವಾಮಿಗಳವರ ಔದಾರ್ಯವಾಯಿತೇ ಹೊರತು ಬರೆದವನಿಗೆ ಮಾಫಿಯಾಗಲಾರದು.

ಈಗ ಕೋಷ್ಟಕದಲ್ಲಿ ಒಂದು ತೇದಿಯ ಕಾಲಮಿಗೆ ಬದಲಾಗಿ ಮೂರನ್ನು ಮಾಡಿಸಿದ್ದೇವೆ. ಮೊದಲನೆಯದರಲ್ಲಿ ಮೂಲದಲ್ಲಿ ಇದ್ದಂತೆ ಅಕ್ಷರಶಃ ಬರಹ. ಅಲ್ಲಿ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಬೇಕು, ಮನೆಯನ್ನು ಬರಿದಾಗಿ ಬಿಡುವಂತಿಲ್ಲ. ಮುಂದೆ ನೋಡುವವನು ನಾವು ನೋಡಿ ಇಲ್ಲವೆಂದೆವೋ, ನೋಡಲು ಮರೆತೆವೋ ತಿಳಿಯಬೇಕಷ್ಟೆ. ಎರಡನೆಯದರಲ್ಲಿ ನಮ್ಮ ಲೆಕ್ಕದ ವರ್ಷ. ಮೂರನೆಯದರಲ್ಲಿ ಆ ಲೆಕ್ಕಕ್ಕೆ ಕಾರಣ: ‘ಕಿರ್ದಿಯ ತಲೆಬರಹದಿಂದ’, ‘ಗ್ರಹಣದಿಂದ’, ‘ಸಂವತ್ಸರದಿಂದ, 60 ವರ್ಷದ ಸಂದೇಹವುಂಟು’ ಎಂಬಂತೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯವರು ತೇದಿಗಳ ಬರವಣಿಗೆಗಾಗಿ ಮಾಡಿದ 8601ನೆಯ ಮಾನಕದ ಎರಡನೆಯ ಭಾಗದಲ್ಲಿ, 2019ರಲ್ಲಿ, ಸಂದೇಹಕ್ಕೆ ಪ್ರಶ್ನಾರ್ಥಕ ಚಿಹ್ನೆ, ಸುಮಾರಿಗೆ ಅಲೆಯಂಥ ಗೆರೆ, ತಿಳಿಯದ ಅಂಕದ ಎಡೆಗೆ ‘ಎಕ್ಸ್’ ಅಕ್ಷರ ಎಂದು ಕ್ರಮವನ್ನು ಕೊಟ್ಟಿದ್ದಾರೆಂದು ತರುಣರು ತೋರಿಸಿದರು. ಅದನ್ನೇ ಅನುಸರಿಸಿದ್ದೇವೆ. ಶತಮಾನವು ತಿಳಿದು ವರ್ಷವು ತಿಳಿಯದಿದ್ದರೆ ತಿಳಿದಷ್ಟನ್ನು ಮಾತ್ರ ಬರೆಯುವುದಕ್ಕೆ ಅಲ್ಲಿ ಅವಕಾಶವಿದೆ. ಕಲ್ಲುಕುಟಿಗನಿಗೆ ಈ ಚಿಹ್ನೆಗಳು ಅಂದು ತಿಳಿದಿದ್ದರೆ ಎಡೆಯ ಕೊರತೆಯಾಗುತ್ತಿರಲಿಲ್ಲ.

ಐದನೆಯವರದು ಶಾ. ಶ. 1720ರಿಂದ 1790ರೊಳಗೆ, ಏಳನೆಯವರದು 1790ರಿಂದ 1820ರೊಳಗೆ ಎಂಬಿಷ್ಟು ಮಾತ್ರ ಸದ್ಯಕ್ಕೆ ಹೇಳಬಹುದಾಗಿದೆ. ಭಕ್ತರ ಮನೆಗಳಲ್ಲಿ ಹಳೆಯ ವಹಿಗಳು, ಜಾತಕದ ಕಟ್ಟುಗಳು, ಶ್ರೀಮಠದಿಂದ ಹೋದ ಆಶೀರ್ವಾದಪತ್ರಗಳು ಇದ್ದಲ್ಲಿ, ಅವುಗಳಲ್ಲಿ ಸಂವತ್ಸರದ ಒಂದು ಹೆಸರಿದ್ದರೂ ಸಾಕು, ದಯವಿಟ್ಟು ತೋರಿಸಬೇಕಾಗಿ ಅರಿಕೆ. ಮೂಲವನ್ನು ಕೊಡಬೇಕಾಗಿಲ್ಲ, ನೋಡಿ ಹಿಂದಿರುಗಿಸುವೆವು.

ಫಲಕದ ವಿಷಯವನ್ನು ಪೂಜ್ಯ ಶ್ರೀಗಳವರ ಪಾದಕ್ಕೆ ಅರಿಕೆ ಮಾಡಿಕೊಂಡಾಗ, ನಾನು ತಪ್ಪೊಪ್ಪಿಗೆಯ ದೀರ್ಘ ಪೀಠಿಕೆಯನ್ನು ಸಿದ್ಧಮಾಡಿಕೊಂಡಿದ್ದೆನು. ಅವರು ಅದನ್ನು ಪೂರ್ತಿಯಾಗಿ ಕೇಳಲಿಲ್ಲ. “ತಿಳಿದದ್ದು ಒಂದನ್ನ ತಿದ್ದಿಸ್ರಿ, ತಿಳಿಯದ ಎರಡನ್ನ ಒರೆಸಿಬಿಡ್ರಿ” ಎಂದಷ್ಟೇ ಅಪ್ಪಣೆಯಾಯಿತು. ಹೋದ ಕಾರ್ತಿಕಮಾಸದಲ್ಲಿ ಆ ಕೆಲಸವು ಮುಗಿಯಿತು. ಆರನೆಯ ಸಾಲಿನಲ್ಲಿ 1790 ಎಂದು ಹೊಸದಾಗಿ ಕೆತ್ತಿದೆ. ಐದನೆಯ ಮತ್ತು ಏಳನೆಯ ಸಾಲುಗಳ ಕೊನೆಯಲ್ಲಿ ಉಳಿಯಿಂದ ತೆಗೆದ ಎರಡು ತಗ್ಗುಗಳು, ಒಂದೊಂದು ನಾಲ್ಕು ಅಂಕ ಹಿಡಿಯುವಷ್ಟು ಅಗಲವಾಗಿ, ಉಳಿದಿವೆ.